ಮಂಡಿಯ ಜೇಬು

ನಮ್ಮ ಅತ್ತಿಗೆಗೆ ಮೂರು ಕೈ ಎಂದು ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಎರಡು ಕೈ ನಿಮಗೂ ಇವೆ, ನನಗೂ ಇವೆ. ಮೂರನೆಯದು ಅವರ ಬಲ ಮಂಡಿ.

ಹೊಲಿಗೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯಲು ಒಂದು ಪುಟ್ಟ ಲೋಹದ ಪಾದ ಇರುತ್ತದೆ. ಮೂಲೆ ಬಂದಾಗ ಆ ಪಾದವನ್ನು ಎತ್ತಬೇಕು, ಬಟ್ಟೆಯನ್ನು ತಿರುಗಿಸಬೇಕು, ಮತ್ತೆ ಇಳಿಸಬೇಕು. ಮನೆಯ ಮಷೀನಿನಲ್ಲಿ ಇದನ್ನು ಕೈಯಿಂದ ಮಾಡುತ್ತಾರೆ. ಅಂಗಡಿಯ ಮೋಟಾರ್ ಮಷೀನಿನಲ್ಲಿ ಕೈಗೆ ಅಷ್ಟು ಪುರುಸೊತ್ತು ಎಲ್ಲಿ? ಅದಕ್ಕೇ ಮೇಜಿನ ಅಡಿಯಲ್ಲಿ, ಬಲ ಮಂಡಿಯ ಹೊರಮೈಗೆ ತಾಗುವ ಹಾಗೆ, ಕಬ್ಬಿಣದ ಸರಳಿಗೆ ಸಿಕ್ಕಿಸಿದ ಒಂದು ದಿಂಬು ಇರುತ್ತದೆ. ಮಂಡಿಯಿಂದ ಅದನ್ನು ಪಕ್ಕಕ್ಕೆ ತಳ್ಳಿದರೆ ಮೇಲೆ ಪಾದ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಕೈ ಎರಡೂ ಬಟ್ಟೆಯ ಮೇಲೇ ಇರುತ್ತವೆ.

ಹೊಸಬರು ಈ ದಿಂಬನ್ನು ಹುಡುಕಿಕೊಂಡು ಹೋಗಿ ಗುದ್ದುತ್ತಾರೆ. ಅತ್ತಿಗೆಗೆ ಅಂಥದ್ದೊಂದು ಇದೆ ಎನ್ನುವುದೇ ಮರೆತುಹೋಗಿತ್ತು. ಕಾಲರಿನ ಮೊನೆ ಬಂತೆಂದರೆ ಮಂಡಿ ತಾನಾಗಿ ಸರಿಯುತ್ತಿತ್ತು, ತಾನಾಗಿ ವಾಪಸಾಗುತ್ತಿತ್ತು. ಅಷ್ಟು ಹೊತ್ತೂ ಅತ್ತಿಗೆಯ ಬಾಯಲ್ಲಿ ಯಾರದೋ ಮನೆಯ ಸುದ್ದಿ ನಡೆಯುತ್ತಲೇ ಇರುತ್ತಿತ್ತು. ಸುದ್ದಿಯೂ ನಿಲ್ಲುತ್ತಿರಲಿಲ್ಲ, ಕಾಲರಿನ ಮೊನೆಯೂ ಮೊಂಡಾಗುತ್ತಿರಲಿಲ್ಲ. ಅಂಗಡಿಯಿಂದ ಹೊರಗೆ ಹೋಗುವ ಅಷ್ಟೂ ಕಾಲರುಗಳು ಅವರವೇ.

ನಾನು ಅವರ ಗಂಡನ ತಂಗಿ. ಅದೇ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅತ್ತಿಗೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಇರಲಿ. ನನ್ನ ಹತ್ತಿರವೂ ಒಂದು ಅಸ್ತ್ರ ಇತ್ತು. ಆ ಮೂರನೆಯ ಕೈಗೆ ವಿಪರೀತ ಕಚಗುಳಿ. ಮಂಡಿಚಿಪ್ಪಿನ ಕೆಳಗೆ ಹೊರಪಕ್ಕದಲ್ಲಿ ಬೆರಳು ತಾಗಿಸಿದರೆ ಸಾಕು, ಅತ್ತಿಗೆ ಕುರ್ಚಿಯಿಂದ ಎಗರಿ ಬೀಳುತ್ತಿದ್ದರು. ಅವರು ಮದುವೆಯಾಗಿ ಬಂದ ಹೊಸತರಲ್ಲೇ ಇದನ್ನು ಪತ್ತೆಹಚ್ಚಿದವಳು ನಾನು. ಅಂದಿನಿಂದ ನಮ್ಮಿಬ್ಬರ ಜಗಳ ಏನೇ ಇರಲಿ, ಕೊನೆಗೆ ನಾನು ಅವರ ಮಂಡಿಗೆ ಬೆರಳು ಹಾಕುವುದು, ಅವರು ಕಿರುಚಿ ನನ್ನ ತಲೆಗೆ ಮೊಟಕುವುದು, ಅಲ್ಲಿಗೆ ಮುಗಿಯುತ್ತಿತ್ತು.

ಆ ಮಂಡಿ ಕೈಕೊಟ್ಟಿದ್ದು ಶಟಲ್ ಆಟದಲ್ಲಿ. ಅಂಗಡಿಯ ಹಿಂದಿನ ಓಣಿಯಲ್ಲಿ ಊಟದ ಬಿಡುವಿನಲ್ಲಿ ಹುಡುಗಿಯರು ಆಡುತ್ತಾರೆ. ಅತ್ತಿಗೆ ಟಿಫಿನ್ ಡಬ್ಬಿ ತೊಳೆಯಲು ಹೋದವರು ಡಬ್ಬಿಯನ್ನು ಅಲ್ಲೇ ಇಟ್ಟು, "ಕೊಡ್ರೇ ಇಲ್ಲಿ, ಹೇಗೆ ಆಡ್ಬೇಕು ತೋರಿಸ್ತೀನಿ" ಎಂದು ಬ್ಯಾಟು ಕಿತ್ತುಕೊಂಡರು. ತೋರಿಸಿದರು ಕೂಡ. ಹಾರಿ ಹೊಡೆದರು, ಇಳಿದರು. ಪಾದ ಒಂದು ಕಡೆ ಊರಿತು, ಮೈ ಇನ್ನೊಂದು ಕಡೆ ತಿರುಗಿತು. ದಪ್ಪ ಕೋಟಿನ ಗುಂಡಿ ಕಿತ್ತುಬಂದಂಥ ಸದ್ದು ನನಗೇ ಕೇಳಿಸಿತು. ನೆಲದ ಮೇಲೆ ಬಿದ್ದುಕೊಂಡೇ ಅತ್ತಿಗೆ ಕೇಳಿದ್ದು, "ಪಾಯಿಂಟ್ ನಂದೇ ತಾನೆ?"

ಮಂಡಿಯೊಳಗಿನ ಲಿಗಮೆಂಟ್ ಹರಿದಿತ್ತು. ತೊಡೆಯ ಹಿಂಭಾಗದಿಂದ ಒಂದು ಎಳೆ ತೆಗೆದು, ಮಡಚಿ, ಎಲುಬಿನಲ್ಲಿ ತೂತು ಕೊರೆದು, ಹಳೆಯದರ ಜಾಗದಲ್ಲಿ ಕೂರಿಸಿದರು. ನನ್ನ ಅಣ್ಣ, ಅಂದರೆ ಅತ್ತಿಗೆಯ ಗಂಡ, ಬಾಗಿಲು ಕಿಟಕಿ ಕೂರಿಸುವ ಬಡಗಿ. ಅವನಿಗೆ ಇದೆಲ್ಲ ತಕ್ಷಣ ಅರ್ಥವಾಯಿತು. "ಕೀಲು ಹೊಸದು, ಶುರುವಲ್ಲಿ ಬಿಗಿ ಇರತ್ತೆ, ಆಮೇಲೆ ಸರಿಹೋಗತ್ತೆ" ಎಂದು ನೋಡಲು ಬಂದವರಿಗೆಲ್ಲ ತಾನೇ ಆಪರೇಷನ್ ಮಾಡಿದವನ ಹಾಗೆ ಹೇಳುತ್ತಿದ್ದ.

ಡಾಕ್ಟರು ಹೇಳಿದ್ದು ಬೇರೆ. "ಹಗ್ಗ ನಾನು ಕಟ್ಟಿದ್ದೀನಮ್ಮ. ಆದ್ರೆ ಹಳೇ ಹಗ್ಗದ ಜೊತೆ ಒಂದು ಗಂಟೆನೂ ಇತ್ತು, ಮಂಡಿ ಎಲ್ಲಿದೆ ಹೇಗಿದೆ ಅಂತ ತಲೆಗೆ ಹೇಳೋದು. ಅದನ್ನ ಕಟ್ಟೋಕೆ ನನಗೆ ಬರಲ್ಲ. ನೀವು ವ್ಯಾಯಾಮ ಮಾಡ್ತಾ ಮಾಡ್ತಾ ಅದೇ ಬರಬೇಕು. ಚರ್ಮದ ಒಂದು ಸಣ್ಣ ನರಕ್ಕೂ ಪೆಟ್ಟಾಗಿದೆ, ಇಂಥ ಆಪರೇಷನ್ನಲ್ಲಿ ಅದು ಮಾಮೂಲು. ಸ್ವಲ್ಪ ಜಾಗ ಮರಗಟ್ಟಿರತ್ತೆ. ಬರಬರ್ತಾ ಕಡಿಮೆ ಆಗತ್ತೆ."

"ಪೂರ್ತಿ ಹೋಗತ್ತಾ?" ಅತ್ತಿಗೆ ಕೇಳಿದರು.

"ಬಹಳ ಮಟ್ಟಿಗೆ. ಪೂರ್ತಿ ಅಂತ ನಾನು ಸುಳ್ಳು ಹೇಳಲ್ಲ."

ಮರಗಟ್ಟಿದ್ದು ಎಲ್ಲಿ ಎನ್ನುತ್ತೀರಿ? ಮಂಡಿಚಿಪ್ಪಿನ ಕೆಳಗೆ, ಹೊರಪಕ್ಕ. ಸರಿಯಾಗಿ ಆ ದಿಂಬು ತಾಗುವ ಜಾಗ. ಕಚಗುಳಿಯ ಜಾಗವೂ ಅದೇ. ಬ್ಯಾಂಡೇಜು ಬಿಚ್ಚಿದ ಮೇಲೆ ಒಂದು ದಿನ ಅತ್ತಿಗೆ ಮುಖ ಊದಿಸಿಕೊಂಡು ಕೂತಿದ್ದರು. ನಗಿಸೋಣ ಎಂದು ಹಿಂದಿನಿಂದ ಹೋಗಿ ಮೆಲ್ಲಗೆ ಅಲ್ಲಿಗೆ ಬೆರಳು ತಾಗಿಸಿದೆ. ಅವರು ತಿರುಗಿಯೂ ನೋಡಲಿಲ್ಲ. ಮತ್ತೆ ತಾಗಿಸಿದೆ. "ಏನೇ ಹುಡುಕ್ತಿದೀಯಾ ಅಲ್ಲಿ?" ಎಂದರು. ನಾನು ಏನೂ ಇಲ್ಲ ಎಂದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅತ್ತಿಗೆಯ ಒಳಗಿನಿಂದ ಯಾರೋ ಎದ್ದುಹೋದಂತೆ ಅನಿಸಿತ್ತು.

ಊರುಗೋಲು ಬಿಟ್ಟು ನಡೆಯುವಂತಾದ ಮೇಲೆ ಅತ್ತಿಗೆ ಅಂಗಡಿಗೆ ಬರತೊಡಗಿದರು. ಕೂತುಕೊಂಡು ಮಾಡುವ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಡಾಕ್ಟರು ಒಪ್ಪಿದ್ದರು. ಮೊದಲು ಗುಂಡಿ ಹಚ್ಚುವ ಬೆಂಚಿನಲ್ಲಿ ಕೂತರು. ಬೇಗನೆ ಬೇಸರ ಬಂತು. ಯಾರಿಗೂ ಹೇಳದೆ ಎದ್ದು ಹೋಗಿ ತಮ್ಮ ಮಷೀನಿನ ಮುಸುಕು ತೆಗೆದು ಒಂದು ಕಾಲರ್ ಹಿಡಿದರು. ನಾನು ಕತ್ತರಿಸುವ ಮೇಜಿನಿಂದ ನೋಡುತ್ತಿದ್ದೆ. ಮೊನೆ ಬಂತು. ಅತ್ತಿಗೆ ಮಂಡಿ ಸರಿಸಿದರು, ಬಟ್ಟೆ ತಿರುಗಿಸಿದರು. ಆದರೆ ಮಂಡಿ ದಿಂಬಿಗೆ ತಾಗಿಯೇ ಇರಲಿಲ್ಲ. ತಾಗಿತೆಂದು ಅವರು ಅಂದುಕೊಂಡಿದ್ದರು, ಅಷ್ಟೆ. ಪಾದ ಒತ್ತಿಕೊಂಡೇ ಇತ್ತು, ಸೂಜಿ ಬಟ್ಟೆಯೊಳಗೇ ಬಾಗಿತು, ಮೋಟಾರು ಓಡಿತು. ಚಟ್ ಎಂದು ಮುರಿದ ಸೂಜಿಯ ತುದಿ ಅವರ ಕನ್ನಡಕದ ಗಾಜಿಗೆ ಹೊಡೆಯಿತು.

ಕನ್ನಡಕ ಇಲ್ಲದಿದ್ದರೆ ಏನಾಗುತ್ತಿತ್ತು ಎನ್ನುವುದು ಎಲ್ಲರ ಮನಸ್ಸಿಗೂ ಬಂತು. ಅತ್ತಿಗೆ ಗಾಜಿನ ಮೇಲಿನ ಗೀರನ್ನು ಉಗುರಿನಿಂದ ಮುಟ್ಟಿ ನೋಡಿದರು. ಆಮೇಲೂ ಹಠ ಬಿಡದೆ ಸೂಜಿ ಬದಲಿಸಿ ಕೂತರು. ಈಗ ಪ್ರತಿ ಮೂಲೆಗೂ ಬಗ್ಗಿ, ಮೇಜಿನ ಅಡಿ ನೋಡಿ, ಮಂಡಿ ದಿಂಬಿನ ಹತ್ತಿರ ಇದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕಣ್ಣು ಮಂಡಿಯ ಕಾವಲಿಗೆ ಹೋದರೆ ಕೈಯನ್ನು ನೋಡಿಕೊಳ್ಳುವವರು ಯಾರು? ಆ ಕಾಲರಿನ ಎರಡು ಮೊನೆಗಳು ಎರಡು ದಿಕ್ಕಿಗೆ ಮುಖ ಮಾಡಿದ್ದವು. ಅತ್ತಿಗೆ ಅದನ್ನು ಬಿಚ್ಚಲೂ ಹೋಗಲಿಲ್ಲ. ಮುಸುಕು ಹಾಕಿ, ಅಂಗಡಿಯ ಯಜಮಾನರ ಹತ್ತಿರ ಹೋದರು.

"ನನ್ನ ಮಷೀನು ಬೇರೆಯವ್ರಿಗೆ ಕೊಟ್ಬಿಡಿ."

ಯಜಮಾನರು ಕೆಟ್ಟವರಲ್ಲ. ಮೀಸೆ ತೀಡಿಕೊಂಡು ಯೋಚಿಸಿದರು. "ಅವಸರ ಏನಿದೆ ತಾಯಿ? ತರಕಾರಿ ಮಂಡಿಯವ್ರು ಎಲ್ಲರಿಗೂ ಏಪ್ರನ್ ಮಾಡಿಸ್ತೀವಿ ಅಂದಿದ್ದಾರೆ. ದೊಡ್ಡ ಕೆಲಸ. ಅದು ಬರೋವರ್ಗೂ ನಿನ್ನ ಮಷೀನು ನಿನಗೇ ಇರಲಿ. ಬಂದ ಮೇಲೆ ಮಾತ್ರ ಖಾಲಿ ಇಡೋಕಾಗಲ್ಲ. ಯಾರು ಕೂರ್ತಾರೋ ಅವರದ್ದೇ."

ಅತ್ತಿಗೆ ತಲೆಯಾಡಿಸಿ ಗುಂಡಿಯ ಬೆಂಚಿಗೆ ಹೋಗಿ ಕೂತರು. ಅವತ್ತಿನಿಂದ ಬಾಯಿಗೆ ಬೀಗ ಬಿತ್ತು. ಓಣಿಯ ಯಾವ ಸುದ್ದಿಯೂ ಇಲ್ಲ. ದಾರ ಸುತ್ತಿದ ಬಾಬಿನ್ ಉರುಳಿ ಬಿದ್ದರೆ ಎತ್ತಿಕೊಡಲು ಯಾರನ್ನಾದರೂ ಕರೆಯುತ್ತಿದ್ದರು. ಹೊಲಿಗೆಯವರ ಮೇಜಿನಿಂದ ಏನೇ ಜಾರಿದರೂ ಎರಡು ಮಂಡಿಗಳು ಟಪ್ಪೆಂದು ಕೂಡಿ ಅದನ್ನು ಹಿಡಿದುಬಿಡುತ್ತವೆ, ಅದು ನಾವು ಕಲಿತದ್ದಲ್ಲ, ಕೂತು ಕೂತು ಬಂದದ್ದು. ಅತ್ತಿಗೆಯ ಎಡ ಮಂಡಿ ಈಗಲೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಬಲ ಮಂಡಿ ಬರುವಷ್ಟರಲ್ಲಿ ಬಾಬಿನ್ ನೆಲ ಸೇರಿ, ದಾರ ಬಿಚ್ಚಿಕೊಂಡು ಬಾಗಿಲ ತನಕ ಹೋಗಿರುತ್ತಿತ್ತು.

ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಯ ಹುಡುಗಿಗೆ ನಾವು ಇಟ್ಟ ಹೆಸರು 'ಇನ್ನೊಂಚೂರು'. ಅವಳ ಬಾಯಲ್ಲಿ ಬೇರೆ ಮಾತೇ ಇಲ್ಲ. ಬಗ್ಗಿಸಿ, ಇನ್ನೊಂಚೂರು. ಎತ್ತಿ, ಇನ್ನೊಂಚೂರು. ತೊಡೆ ಬಿಗಿ ಮಾಡಿ ಎನ್ನುತ್ತಾಳೆ, ತೊಡೆ ಕೇಳಿಸಿಕೊಳ್ಳುವುದೇ ಇಲ್ಲ. ಒಂಟಿಕಾಲಿನಲ್ಲಿ ನಿಲ್ಲಿ ಎನ್ನುತ್ತಾಳೆ, ನಿಂತರೆ ಕಣ್ಣು ಮುಚ್ಚಿ ಎನ್ನುತ್ತಾಳೆ. ಕಣ್ಣು ಮುಚ್ಚಿದ್ದೇ ಅತ್ತಿಗೆ ವಾಲಿ ನನ್ನ ಮೇಲೆ ಬೀಳುತ್ತಿದ್ದರು. ಒಂದು ದಿನ ಅವರಿಗೆ ತಲೆ ಕೆಟ್ಟುಹೋಯಿತು.

"ಏನೂ ಬದಲಾಗ್ತಿಲ್ಲ. ಅವತ್ತು ಎಷ್ಟು ಮರಗಟ್ಟಿತ್ತೋ ಇವತ್ತೂ ಅಷ್ಟೇ."

"ಅಷ್ಟೇ ಅಂತ ಹೇಗೆ ಗೊತ್ತು?" ಎಂದಳು ಇನ್ನೊಂಚೂರು. "ಅಂಚಿಗೆ ಪೆನ್ನಲ್ಲಿ ಗುರುತು ಹಾಕಿ ನೋಡಿದ್ದೀರಾ?"

ಇಲ್ಲಿ ನನ್ನ ಕೋಪ ಕೆಲಸಕ್ಕೆ ಬಂತು. ಅತ್ತಿಗೆ ಸೋತೆ ಎನ್ನುವುದನ್ನು ನನಗೆ ಕೇಳಲಾಗುತ್ತಿರಲಿಲ್ಲ. ರಜೆಯ ದಿನ ಅವರನ್ನು ಮಂಚದ ಮೇಲೆ ಕೂರಿಸಿ, ಪ್ಯಾಂಟನ್ನು ಮಂಡಿಯ ಮೇಲಕ್ಕೆ ಮಡಚಿ, ಕಣ್ಣು ಮುಚ್ಚಿಸಿದೆ. ದಾರದ ತುದಿಯನ್ನು ಹೊರಗಿನಿಂದ ಒಳಕ್ಕೆ ಎಳೆಯುತ್ತ ಬಂದೆ. ಅವರು "ಇದೆ, ಇದೆ, ಇದೆ... ಇಲ್ಲ" ಎಂದ ಕಡೆ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಿಂದ ಚುಕ್ಕೆ ಇಟ್ಟೆ. ಸುತ್ತಲೂ ಚುಕ್ಕೆ ಇಟ್ಟು ಸೇರಿಸಿದರೆ ಒಂದು ದೊಡ್ಡ ಕಿವಿಯ ಆಕಾರ ಬಂತು. ಬಟ್ಟೆ ಕತ್ತರಿಸುವವಳಿಗೆ ಗೆರೆ ಕಂಡರೆ ಕೈ ಸುಮ್ಮನಿರುತ್ತದೆಯೇ? ತೆಳು ಕಾಗದ ಒತ್ತಿ ಗೆರೆ ತೆಗೆದುಕೊಂಡೆ, ಅಂಗಡಿಗೆ ಒಯ್ದು ದಪ್ಪ ಕಂದು ಕಾಗದದಲ್ಲಿ ಅಚ್ಚು ಕತ್ತರಿಸಿದೆ. ತೋಳು, ಬೆನ್ನು, ಕಾಲರು ಎಂದು ಬರೆದ ಅಚ್ಚುಗಳು ತೂಗುವ ಮೊಳೆಗೇ ಅದನ್ನೂ ಸಿಕ್ಕಿಸಿದೆ. ಗುಂಡಿಯ ಬೆಂಚಿನಿಂದ ತಲೆ ಎತ್ತಿದರೆ ಅತ್ತಿಗೆಗೆ ಕಾಣಬೇಕು ಎನ್ನುವುದು ನನ್ನ ಲೆಕ್ಕ. ಹೆಸರಿಲ್ಲದ ಅಚ್ಚು ಮೊಳೆಗೆ ಹಾಕುವ ಅಭ್ಯಾಸ ನನಗಿಲ್ಲ. ಅದರ ಮೇಲೆ 'ಮಂಡಿ, ದೊಡ್ಡದು' ಎಂದು ಬರೆದೆ.

ಇನ್ನೊಂಚೂರು ಮತ್ತೊಂದು ಮಾತು ಹೇಳಿದ್ದಳು. ಆ ಜಾಗವನ್ನು ಬೇರೆ ಬೇರೆ ವಸ್ತುಗಳಿಂದ ತಿಕ್ಕಿ, ಹತ್ತಿ, ಬ್ರಷ್ಷು, ಏನಾದರೂ, ಯಾವುದು ಎಂದು ಗುರುತಿಸಲು ಕಲಿಸಿ ಎಂದು. ನಮ್ಮ ಮನೆಯಲ್ಲಿ ಬಟ್ಟೆಯ ಚೂರುಗಳಿಗೆ ಬರವೇ? ದಿನಾ ಸಂಜೆ ಅತ್ತಿಗೆ ಕಣ್ಣು ಮುಚ್ಚಿ ಕೂರುವುದು, ನಾನು ಒಂದೊಂದು ಚೂರು ತೆಗೆದು ಮಂಡಿಯ ಮೇಲೆ ಎಳೆಯುವುದು. ಬೆರಳಿಗೆ ಕೊಟ್ಟರೆ ಕತ್ತಲಲ್ಲೂ ಪಾಪ್ಲಿನ್ ಯಾವುದು, ಲೈನಿಂಗ್ ಯಾವುದು ಎಂದು ಥಟ್ಟನೆ ಹೇಳುವವರು, ಮಂಡಿಗೆ ಕೊಟ್ಟರೆ ಮಗ್ಗಿ ಮರೆತ ಮಕ್ಕಳ ಹಾಗೆ ತಡವರಿಸುತ್ತಿದ್ದರು. ಮಖಮಲ್ಲಿಗೆ ಕ್ಯಾನ್ವಾಸು ಎಂದರು. ನಾನು ಏನೂ ಇಡದೆ ಸುಮ್ಮನೆ ಕೂತಿದ್ದಾಗ ರೇಷ್ಮೆ ಎಂದರು. ಅಣ್ಣ ಪಕ್ಕದಲ್ಲಿ ಕೂತು ನಗು ತಡೆದುಕೊಳ್ಳುತ್ತಿದ್ದ. ಒಂದು ಸಂಜೆ ನಾನಿಲ್ಲದಾಗ ತಾನೇ ಪರೀಕ್ಷೆ ಮಾಡಲು ಹೋಗಿ ಮರ ಉಜ್ಜುವ ಉಪ್ಪುಕಾಗದ ಎಳೆದುಬಿಟ್ಟ.

"ಅಯ್ಯೋ, ಏನ್ರೀ ಅದು!" ಎಂದು ಅತ್ತಿಗೆ ಕೂಗಿದರು. ನಾನು ಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದೆ. ಅಣ್ಣನನ್ನು ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಅತ್ತಿಗೆಯೂ ತಮ್ಮ ಕೂಗು ಕೇಳಿ ತಾವೇ ಬೆಚ್ಚಿದ್ದರು.

"ಉರೀತಾ?" ಅಣ್ಣ ಕೇಳಿದ.

"ಉರೀಲಿಲ್ಲ. ತರಿತರಿ ಅಂತು." ಅವರ ಕಣ್ಣು ದೊಡ್ಡದಾಗಿತ್ತು. "ದೂರದಲ್ಲಿ ಯಾರೋ ತರಿತರಿ ಅಂದ ಹಾಗೆ."

ಮುಂದಿನ ರಜೆಗೆ ದಾರ ಎಳೆದು ನೋಡಿದರೆ ಕಿವಿ ಕುಗ್ಗಿತ್ತು. ಮೇಲಂಚು ಒಂದು ಬೆರಳಿನಷ್ಟು ಕೆಳಗೆ ಇಳಿದಿತ್ತು. ಹೊಸ ಅಚ್ಚು ಕತ್ತರಿಸಿ ಹಳೆಯದರ ಮೇಲಿಟ್ಟು ತೋರಿಸಿದೆ. ಅತ್ತಿಗೆ ಎರಡನ್ನೂ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದರು. "ನೀನೇ ಒಳಗೆ ಸರಿಸಿ ಕತ್ತರಿಸಿದೀಯಾ" ಎಂದು ನನ್ನ ಮೇಲೆಯೇ ಅನುಮಾನ ಪಟ್ಟರು. ನನ್ನ ಕತ್ತರಿಯ ಬಗ್ಗೆ ಯಾರಾದರೂ ಮಾತಾಡಿದರೆ ನಾನು ಬಿಡುವವಳಲ್ಲ, ದೊಡ್ಡ ಜಗಳವೇ ಆಯಿತು. ಆದರೆ ಅವತ್ತು ಹಲ್ಲುಜ್ಜುವಾಗ ಅತ್ತಿಗೆ ಒಂಟಿಕಾಲಿನಲ್ಲಿ ನಿಂತಿದ್ದನ್ನು ನಾನು ಕದ್ದು ನೋಡಿದೆ. ಕಣ್ಣೂ ಮುಚ್ಚಿತ್ತು.

ತಿಂಗಳುಗಳು ಹೋದವು. ಎಲ್ಲ ವಾರವೂ ಕುಗ್ಗಲಿಲ್ಲ. ಕೆಲವು ಸಲ ಗೆರೆ ಇದ್ದಲ್ಲೇ ಇರುತ್ತಿತ್ತು. ಮಧ್ಯೆ ಮಧ್ಯೆ ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ ಆಗುತ್ತಿತ್ತು. ಅದು ಒಳ್ಳೆಯ ಲಕ್ಷಣ ಎಂದು ಡಾಕ್ಟರು ಹೇಳಿದರು, ಅನುಭವಿಸುವವರಿಗೆ ಅದೇನು ಒಳ್ಳೆಯದೋ. ಆಕಾರ ಗಮನಕ್ಕೆ ಬರುವಷ್ಟು ಬದಲಾದಾಗ ಮಾತ್ರ ನಾನು ಹೊಸ ಅಚ್ಚು ಮಾಡುತ್ತಿದ್ದೆ. 'ಮಂಡಿ, ನಡುವಿನದು' ಆಯಿತು. ಅದಾದ ಮೇಲೆ 'ಮಂಡಿ, ಸಣ್ಣದು' ಕೂಡ ಆಯಿತು. ಮಂಡಿ ಬಟ್ಟೆ ಗುರುತಿಸುವುದರಲ್ಲಿ ಜೀನ್ಸು, ಟವೆಲು ದಾಟಿ ಪಾಪ್ಲಿನ್ನಿನ ತನಕ ಬಂತು. ಮಷೀನಿನ ಮಾತೆತ್ತಿದರೆ ಮಾತ್ರ ಅತ್ತಿಗೆ ಕನ್ನಡಕ ತೆಗೆದು ಆ ಗೀರನ್ನು ಒರೆಸತೊಡಗುತ್ತಿದ್ದರು. ಗೀರು ಒರೆಸಿದರೆ ಹೋಗುತ್ತದೆಯೇ?

ಅಷ್ಟರಲ್ಲಿ ತರಕಾರಿ ಮಂಡಿಯವರ ಏಪ್ರನ್ನಿನ ಕೆಲಸ ಬಂದೇಬಿಟ್ಟಿತು. ಹಸಿರು ಕ್ಯಾನ್ವಾಸಿನ ಥಾನುಗಳು ಗೋಡೆಗೆ ಒರಗಿ ನಿಂತವು. ಅತ್ತಿಗೆಯ ಮಷೀನಿನಲ್ಲಿ ಯಾರನ್ನು ಕೂರಿಸುವುದು ಎಂದು ಯಜಮಾನರು ನನ್ನನ್ನೇ ಕೇಳಿದರು.  ಏಪ್ರನ್ನಿನ ಮೈ ಅಷ್ಟನ್ನೂ ಕತ್ತರಿಸಿಟ್ಟು, ಜೇಬು ನಾಳೆ ತಡವಾಗಿ ಬಂದು ಕತ್ತರಿಸುತ್ತೇನೆ ಎಂದು ಹೇಳಿ, ಮರುದಿನ ಅತ್ತಿಗೆಯ ಜೊತೆ ಆಸ್ಪತ್ರೆಗೆ ಹೋದೆ.

ಡಾಕ್ಟರು ಅತ್ತಿಗೆಯನ್ನು ಎತ್ತರದ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂರಿಸಿ, ರಬ್ಬರಿನ ಪುಟ್ಟ ಸುತ್ತಿಗೆ ತೆಗೆದರು. ಹಿಂದೆಲ್ಲ ಅವರು ಮಂಡಿಯ ಕೆಳಗೆ ತಟ್ಟಿದಾಗ ಕಾಲು ಒತ್ತಾಯಕ್ಕೆ ಒಂಚೂರು ಅಲ್ಲಾಡುತ್ತಿತ್ತು. ಈ ಸಲ ತಟ್ಟಿದ್ದೇ ತಡ, ಪಾದ ಚಂಗನೆ ಮುಂದೆ ಹಾರಿ ಡಾಕ್ಟರ ತೊಡೆಗೆ ಬಡಿಯಿತು.

"ಅಯ್ಯೋ, ಕ್ಷಮಿಸಿ ಡಾಕ್ಟ್ರೇ, ನಾನು ಒದೀಲಿಲ್ಲ!"

"ಗೊತ್ತಮ್ಮ. ನೀವು ಒದ್ದಿದ್ರೆ ನಾನು ಖುಷಿ ಪಡ್ತಿರ್ಲಿಲ್ಲ." ಅವರು ತೊಡೆ ಉಜ್ಜಿಕೊಂಡು ನಕ್ಕರು. "ನೀವು ಹೇಳದೇನೇ ಅದು ಕೆಲಸ ಮಾಡಿದೆ. ಇನ್ನು ನೀವು ಅದನ್ನ ಕಾಯೋದು ಬಿಡಿ."

 ಅಂಗಡಿಗೆ ಬಂದರೆ ಯಜಮಾನರು ನನ್ನ ಮೇಜಿನ ಹಿಂದೆ, ನನ್ನ ಕತ್ತರಿ ಹಿಡಿದು, ಬೆವರೊರೆಸಿಕೊಳ್ಳುತ್ತ ನಿಂತಿದ್ದರು. ಒಂದು ಕಾಲಕ್ಕೆ ಅವರೂ ಬಟ್ಟೆ ಕತ್ತರಿಸುತ್ತಿದ್ದವರೇ. ಅದನ್ನು ನಮಗೆ ಮರೆಯಲು ಬಿಡುವುದಿಲ್ಲ. "ನೀನು ಬರೋವರ್ಗೂ ಯಾಕೆ ಕಾಯ್ಬೇಕು ಅಂತ ಜೇಬುಗಳನ್ನ ನಾನೇ ಕತ್ತರಿಸ್ಬಿಟ್ಟೆ" ಎಂದು ಹೆಮ್ಮೆಯಿಂದ ಹೇಳಿದರು. ಮೇಜಿನ ಮೇಲೆ ಹಸಿರು ಕ್ಯಾನ್ವಾಸಿನ ರಾಶಿ ಇತ್ತು. ನಾನು ಒಂದು ಚೂರನ್ನು ಎತ್ತಿ ನೋಡಿದೆ.  ಅದು ಚೌಕ ಇರಲಿಲ್ಲ. ಕಿವಿಯ ಆಕಾರದಲ್ಲಿತ್ತು.

"ಇದು ಯಾವ ಅಚ್ಚಿಂದ ಕತ್ತರಿಸಿದ್ರಿ?"

"ಯಾವುದು ಅಂದ್ರೆ? ನೀನೇ ಬರ್ದು ಇಟ್ಟಿದೀಯಲ್ಲ. ಮಂಡಿ, ದೊಡ್ಡದು. ಮಂಡಿ, ನಡುವಿನದು. ಮಂಡಿ, ಸಣ್ಣದು. ಮೂರು ಅಳತೆ ಏಪ್ರನ್ನಿಗೆ ಮೂರು ಅಳತೆ ಜೇಬು. ಆಕಾರ ವಿಚಿತ್ರ ಇದೆ ಅನಿಸ್ತು, ಮಂಡಿಯವ್ರು ಹಾಗೇ ಕೇಳಿರ್ಬೇಕು ಅಂದ್ಕೊಂಡೆ."

"ಯಜಮಾನ್ರೇ," ಎಂದೆ, "ಅದು ತರಕಾರಿ ಮಂಡಿ ಅಲ್ಲ. ಅತ್ತಿಗೆ ಮಂಡಿ."

ಯಜಮಾನರು ನನ್ನನ್ನು ನೋಡಿದರು, ಅತ್ತಿಗೆಯ ಕಾಲನ್ನು ನೋಡಿದರು, ಕೈಯಲ್ಲಿದ್ದ ಕತ್ತರಿಯನ್ನು ನೋಡಿದರು. ಮೀಸೆ ತೀಡಲು ಹೋದ ಕೈ ಅರ್ಧಕ್ಕೇ ನಿಂತಿತು. ಗುಂಡಿಯ ಬೆಂಚಿನವರೆಲ್ಲ ಎದ್ದು ಬಂದರು. ಮೊದಲು ನಕ್ಕಿದ್ದು ಯಾರೋ ಗೊತ್ತಿಲ್ಲ, ಆಮೇಲೆ ಅಂಗಡಿಗೆ ಅಂಗಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅತ್ತಿಗೆ ನಗುತ್ತಿರಲಿಲ್ಲ. ಕುರ್ಚಿ ಹುಡುಕುವವರಂತೆ ನೋಡಿ, ಹತ್ತಿರದಲ್ಲಿದ್ದ ಕುರ್ಚಿಯಲ್ಲಿ ಕೂತರು. ಅದು ಅವರ ಮಷೀನಿನ ಕುರ್ಚಿ. ಒಂದು ದೊಡ್ಡ ಚೂರನ್ನು ತೊಡೆಯ ಮೇಲೆ ಹರಡಿ ಅದರ ಅಂಚಿನ ಮೇಲೆ ಬೆರಳಾಡಿಸಿದರು. ಅದರ ಮೇಲೆ ನಡುವಿನದನ್ನು ಇಟ್ಟರು. ಅದರ ಮೇಲೆ ಸಣ್ಣದು.

"ಇಷ್ಟು ದೊಡ್ಡದಿತ್ತೇನೇ?" ಎಂದು ಮೆಲ್ಲಗೆ ಕೇಳಿದರು.

"ಇತ್ತು ಅತ್ತಿಗೆ."

"ಈ ಬಟ್ಟೆ ಹಾಳು ಮಾಡೋದು ಬೇಡ" ಎಂದರು ಯಜಮಾನರು ಪೆಚ್ಚಾಗಿ. "ಬಾಯಿ ಬಿಟ್ಟು ಸುತ್ತ ಹೊಲಿದ್ರೆ ಜೇಬು ಜೇಬೇ. ಆದ್ರೆ ಈ ತಿರುವುಗಳನ್ನ ಯಾರು ಹೊಲೀತಾರೆ? ಹೆಜ್ಜೆಹೆಜ್ಜೆಗೂ ಪಾದ ಎತ್ಬೇಕು. ಕ್ಯಾನ್ವಾಸು ಬೇರೆ."

ಯಾರೂ ಮುಂದೆ ಬರಲಿಲ್ಲ. ಅತ್ತಿಗೆ ತಲೆ ಎತ್ತಲಿಲ್ಲ. ಚೂರುಗಳನ್ನು ಮೇಜಿನ ಮೇಲೆ ಜೋಡಿಸಿಡಲು ಹೋದರು. ರಾಶಿ ಜರುಗಿ, ಮಷೀನಿನ ಪಕ್ಕದಲ್ಲಿದ್ದ ಬಾಬಿನ್ನಿಗೆ ತಾಗಿತು. ಬಾಬಿನ್ ಉರುಳಿ ಮೇಜಿನಂಚು ದಾಟಿತು. ಟಪ್.

ನೆಲಕ್ಕೆ ಬಿದ್ದ ಸದ್ದಲ್ಲ ಅದು. ನಾವೆಲ್ಲ ಆ ಸದ್ದನ್ನು ಬಲ್ಲೆವು. ಅತ್ತಿಗೆ ಹಾಗೇ ಕಲ್ಲಾಗಿ ಕೂತಿದ್ದರು. ಕೆಳಗೆ ನೋಡಲು ಅವರಿಗೆ ಭಯ. ನಾನೇ ಬಗ್ಗಿ ನೋಡಿದೆ. ಎರಡು ಮಂಡಿಗಳ ನಡುವೆ ಬಾಬಿನ್ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಎಡದ್ದೂ ಬಂದಿತ್ತು, ಬಲದ್ದೂ ಬಂದಿತ್ತು.

"ಇದೆಯೇನೇ?"

"ಇದೆ. ನಿಮಗೆ ಗೊತ್ತಾಗ್ತಿಲ್ವಾ?"

"ಗೊತ್ತಾಗ್ತಿದೆ" ಎಂದರು.  "ಗುಂಡಗೆ, ತಣ್ಣಗೆ. ಗೊತ್ತಾಗ್ತಿದೆ ಕಣೇ." ಮತ್ತೆ ಯಾರ ಕಡೆಯೂ ನೋಡದೆ ಅದನ್ನು ತೆಗೆದು ಮಷೀನಿಗೆ ಹಾಕಿದರು. "ನನ್ನ ಮಂಡೀನ ಬೇರ್ಯಾರೋ ಹೊಲಿಯೋದು ಬೇಡ. ಒಂದು ಏಪ್ರನ್ ಕೊಡು ಇಲ್ಲಿ."

ಮೊದಲ ಜೇಬು ಹೊಲಿಯುವಾಗ ಅಂಗಡಿಯವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಸೂಜಿ ನಾಲ್ಕು ಹೆಜ್ಜೆ ಹೋಗುತ್ತದೆ, ನಿಲ್ಲುತ್ತದೆ, ಮಂಡಿ ಸರಿಯುತ್ತದೆ, ಪಾದ ಏಳುತ್ತದೆ, ಬಟ್ಟೆ ಕೂದಲೆಳೆಯಷ್ಟು ತಿರುಗುತ್ತದೆ. ಅತ್ತಿಗೆಯ ತುಟಿ ಬಿಗಿದಿತ್ತು. ಒಂದು ತಿರುವಿನಲ್ಲಿ ಮೇಜಿನಡಿ ನೋಡಲು ಕತ್ತು ಬಗ್ಗಿಸಿದರು, ಮತ್ತೆ ತಾವೇ ನೇರ ಮಾಡಿಕೊಂಡರು. ಮೊದಲನೆಯದು ಸೊಟ್ಟಗಾಯಿತು, ಬಿಚ್ಚಿದರು. ಎರಡನೆಯದೂ ಅಷ್ಟಕ್ಕಷ್ಟೆ. ಯಜಮಾನರು ನೋಡಲಾಗದೆ ಚಹಾ ತರಿಸುವ ನೆವ ಮಾಡಿ ಹೊರಗೆ ಹೋದರು. ನಾನು ಹೋಗಲಿಲ್ಲ. ಇನ್ನೊಂಚೂರು ಅತ್ತಿಗೆ, ಇನ್ನೊಂಚೂರು, ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ, ಸುಮ್ಮನೆ ಒಂದೇ ಬಟ್ಟೆಯನ್ನು ಮಡಚುತ್ತ ಬಿಚ್ಚುತ್ತ ನಿಂತಿದ್ದೆ.

ಎಷ್ಟನೆಯ ಜೇಬೋ ಏನೋ, ಸೂಜಿ ದೊಡ್ಡ ತಿರುವಿನ ನಡುಮಧ್ಯದಲ್ಲಿದ್ದಾಗ ಅತ್ತಿಗೆ ಬಾಯಿ ತೆರೆದರು.

"ಅಲ್ವೇ, ಆ ಮೂಲೆ ಮನೆಯವ್ರು ಗೇಟಿಗೆ ಬಣ್ಣ ಹೊಡಿಸಿದಾರಲ್ಲ, ನೋಡಿದ್ಯಾ? ಯಾರಾದ್ರೂ ಗೇಟಿಗೆ ಆ ಬಣ್ಣ ಹೊಡಿಸ್ತಾರಾ?"

ಮಂಡಿ ಸರಿಯಿತು, ವಾಪಸಾಯಿತು. ಸೂಜಿ ಮುಂದೆ ಹೋಯಿತು. ಮೂಲೆ ಮನೆಯ ಗೇಟಿನಿಂದ ಆ ಮನೆಯ ಸೊಸೆಯ ತನಕ ಸುದ್ದಿ ಹೋಯಿತು, ಜೇಬು ಮುಗಿದೇ ಹೋಯಿತು. ತಾವೇನು ಮಾಡಿದೆವು ಎನ್ನುವುದು ಅವರಿಗೆ ಗೊತ್ತೇ ಆಗಲಿಲ್ಲ. ನನಗೆ ಗೊತ್ತಾಯಿತು. ಈ ಸಲ ಅಳಲು ನಾನು ನಲ್ಲಿಯ ಹತ್ತಿರ ಹೋಗಲಿಲ್ಲ, ಅಲ್ಲೇ ಎಲ್ಲರ ಎದುರಿಗೇ ಅತ್ತೆ. "ಏನಾಯ್ತೇ ಇವಳಿಗೆ? ಗೇಟಿನ ಬಣ್ಣಕ್ಕೆ ಯಾರಾದ್ರೂ ಅಳ್ತಾರಾ?" ಎಂದು ಅತ್ತಿಗೆ ಗಾಬರಿಯಾದರು.

ಏಪ್ರನ್ನುಗಳು ಮಂಡಿಗೆ ಹೋದವು. ಯಜಮಾನರು ಬೈಗುಳಕ್ಕೆ ತಯಾರಾಗಿದ್ದರು. ಆದರೆ ಜೇಬಿಗೆ ಓರೆಯಾದ ಬಾಯಿ ಇರುವುದರಿಂದ ಕೈ ಸಲೀಸಾಗಿ ಇಳಿಯುತ್ತದೆ ಎಂದು ಅಲ್ಲಿಂದ ಹೇಳಿ ಕಳಿಸಿದರು. ಆಗಿನಿಂದ ಅದು ತಾವೇ ಯೋಚಿಸಿ ಮಾಡಿದ ಜೇಬು ಎಂದು ಯಜಮಾನರು ಹೇಳಿಕೊಂಡು ತಿರುಗುತ್ತಾರೆ.

ಮೊನ್ನೆ ತರಕಾರಿಗೆಂದು ನಾನೂ ಅತ್ತಿಗೆಯೂ ಮಂಡಿಗೆ ಹೋಗಿದ್ದೆವು. ಎಲ್ಲಿ ನೋಡಿದರೂ ಹಸಿರು ಏಪ್ರನ್ನು. ಅತ್ತಿಗೆಗೆ ಎಲ್ಲಿಲ್ಲದ ಉತ್ಸಾಹ. ಮೂಟೆ ಹೊರುವ ದಢೂತಿ ಮನುಷ್ಯನನ್ನು ಕಣ್ಣಲ್ಲೇ ತೋರಿಸಿ, "ನೋಡೇ, ಆಸ್ಪತ್ರೆಯಿಂದ ಬಂದಾಗಿನ ಮಂಡಿ ಅಲ್ಲಿ ಹೋಗ್ತಿದೆ" ಎಂದರು. ತಕ್ಕಡಿ ಹಿಡಿದವನ ಹತ್ತಿರ ನಡುವಿನದು ಇತ್ತು. ಈರುಳ್ಳಿ ಮಾರುವ ಗಿಡ್ಡ ಹೆಂಗಸಿನ ಏಪ್ರನ್ನಿಗೆ ಸಣ್ಣದು. ಈಗ ಅತ್ತಿಗೆಯ ಮಂಡಿಯಲ್ಲಿ ಉಳಿದಿರುವುದು ಅದಕ್ಕಿಂತ ಸಣ್ಣದು, ಒಂದು ಕೋಟಿನ ಗುಂಡಿಯಷ್ಟು. ಅದು ಹೋದರೂ ಹೋಯಿತು, ಉಳಿದರೂ ಉಳಿಯಿತು, ಅದಕ್ಕೆ ನಾನು ಅಚ್ಚು ಕತ್ತರಿಸಿಲ್ಲ.

ಈರುಳ್ಳಿಯ ಹೆಂಗಸು ಪೆನ್ಸಿಲಿಗಾಗಿ ಆ ಪುಟ್ಟ ಜೇಬಿಗೆ ಎರಡು ಬೆರಳು ತೂರಿಸಿ ತಡಕಾಡತೊಡಗಿದಳು. ಅತ್ತಿಗೆ ನನ್ನ ತೋಳು ಹಿಡಿದುಕೊಂಡರು.

"ನಿಲ್ಸು ಅಂತ ಹೇಳೇ ಅವಳಿಗೆ. ಕಚಗುಳಿ ಆಗ್ತಿದೆ."

ತಮಾಷೆಗೇ ಹೇಳಿದ್ದು. ಆದರೆ ಆ ಮಾತನ್ನು ಅವರ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತು! ಮರಗಟ್ಟಿದ್ದ ಆ ದಿನದಿಂದ ಅವರ ಮಂಡಿಗೆ ಹಾಗೆ ಬೆರಳು ತಾಗಿಸುವ ಧೈರ್ಯವನ್ನೇ ನಾನು ಮಾಡಿರಲಿಲ್ಲ. ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿದೆ.  ಮಂಡಿಚಿಪ್ಪಿನ ಕೆಳಗೆ, ಹೊರಪಕ್ಕಕ್ಕೆ, ಬಟ್ಟೆಯ ಮೇಲಿನಿಂದಲೇ ಒಂದು ಬೆರಳು ತಾಗಿಸಿದೆ.

ಅತ್ತಿಗೆ ಕಿರುಚಿದ ಸದ್ದಿಗೆ ಮಂಡಿಗೆ ಮಂಡಿಯೇ ತಿರುಗಿ ನೋಡಿತು. ಕೈಯಲ್ಲಿದ್ದ ಚೀಲ ಕೆಳಗೆ ಬಿದ್ದು ಟೊಮೆಟೊಗಳೆಲ್ಲ ಉರುಳಿಹೋದವು, ಅವನ್ನು ಹಿಡಿಯಲು ಯಾವ ಮಂಡಿಯೂ ಮುಂದೆ ಬರಲಿಲ್ಲ. ನನ್ನ ತಲೆಗೆ ಸರಿಯಾಗಿ ಒಂದು ಮೊಟಕು ಬಿತ್ತು. ಚೆನ್ನಾಗಿ ನೋಯಿತು.